ಅರ್ಧ ಹಿಮೋಗ್ಲೋಬಿನ್ ನೋಡಿ ಬರೆದ ವರದಿ

ಕೊರೊನಾದ ಎರಡನೆಯ ಅಲೆ ಇಳಿದ ಮರುವರ್ಷ. ನಾನಾಗ ಕಲಬುರಗಿಯ ಕಾಲೇಜೊಂದರಲ್ಲಿ ಜೈವಿಕ ಭೌತಶಾಸ್ತ್ರದ ಪ್ರಾಧ್ಯಾಪಕಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಚಿತ್ತಾಪುರದಲ್ಲಿ. ದಿನವೂ ರೈಲಿನಲ್ಲಿ ವಾಡಿ, ಶಹಾಬಾದ್ ದಾಟಿ ಹೋಗಿಬರುತ್ತಿದ್ದೆ.

ನನ್ನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಸರಪಳಿಯಲ್ಲಿ ಕೂತ ಒಂದೊಂದು ಆಮ್ಲವನ್ನೂ ನಾವು ರೆಸಿಡ್ಯೂ ಎನ್ನುತ್ತೇವೆ. ಸರಪಳಿ ಮಡಚಿಕೊಂಡಾಗ ದೂರದೂರದ ರೆಸಿಡ್ಯೂಗಳು ಹತ್ತಿರ ಬಂದು ಒಂದನ್ನೊಂದು ತಾಗುತ್ತವೆ. ಯಾವುದು ಯಾವುದನ್ನು ತಾಗುತ್ತದೆ, ಆ ತಾಗುವಿಕೆ ತಪ್ಪಿದರೆ ಪ್ರೋಟೀನಿನ ಗತಿಯೇನು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಪ್ರೋಟೀನನ್ನು ಹರಳುಗಟ್ಟಿಸಿ, ಅದರಲ್ಲಿ ಪ್ರತಿ ಪರಮಾಣು ಎಲ್ಲಿದೆ ಎಂದು ಅಳೆದು ಬರೆದಿಟ್ಟ ಕಡತಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ಎರಡು ಪರಮಾಣುಗಳ ನಡುವೆ ನಾಲ್ಕು ಆಂಗ್‌ಸ್ಟ್ರಾಮಿಗಿಂತ ಕಡಿಮೆ ಅಂತರವಿದ್ದರೆ ಅದನ್ನು ಸಂಪರ್ಕ ಎಂದು ಎಣಿಸುತ್ತೇವೆ. ಮಿಲಿಮೀಟರನ್ನು ಒಂದು ಕೋಟಿ ಭಾಗ ಮಾಡಿದರೆ ಒಂದು ಆಂಗ್‌ಸ್ಟ್ರಾಮ್.

ಇಷ್ಟು ಸಣ್ಣ ಲೆಕ್ಕ ಯಾರದಾದರೂ ನೌಕರಿ ಕಳೆಯಬಲ್ಲದು ಎಂದು ನನಗೆ ಗೊತ್ತಿರಲಿಲ್ಲ, ಫರ್ಹಾನಾ ಬರುವ ತನಕ.

ಫರ್ಹಾನಾ ಸುಲೇಪೇಟದ ಹುಡುಗಿ. ನರ್ಸಿಂಗ್ ಓದಿ, ಶಹಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದಳು. ಅವಳ ತುಟಿ, ಉಗುರು ಹುಟ್ಟಿದಾಗಿನಿಂದಲೂ ತುಸು ನೀಲಿ. ಶಾಲೆಯಲ್ಲಿ ನೇರಳೆಹಣ್ಣು ಎಂದು ಕರೆಯುತ್ತಿದ್ದರಂತೆ. ಅದರಾಚೆಗೆ ಯಾವ ತೊಂದರೆಯೂ ಇರಲಿಲ್ಲ. ಕೊರೊನಾ ವಾರ್ಡಿನಲ್ಲಿ ತಿಂಗಳುಗಟ್ಟಲೆ ದುಡಿದಳು. ಒಮ್ಮೆ ಯಾರೋ ಅವಳ ಬೆರಳಿಗೇ ಆಕ್ಸಿಮೀಟರ್ ಹಾಕಿದರು. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ತೋರಿಸುವ ಆ ಯಂತ್ರ ಎಂಬತ್ತೆರಡು ತೋರಿಸಿತು. ತೊಂಬತ್ತೈದರ ಮೇಲಿರಬೇಕಾದ ಸಂಖ್ಯೆ ಅದು. ಗಾಬರಿಯಾಗಿ ಅವಳನ್ನೇ ಮಲಗಿಸಿ ಆಮ್ಲಜನಕ ಹಚ್ಚಿದರು. ಸಂಖ್ಯೆ ಹೆಚ್ಚೇನೂ ಏರಲಿಲ್ಲ, ಅವಳಿಗೆ ಏನೂ ಆಗಿರಲೂ ಇಲ್ಲ. ಎರಡು ದಿನ ಕಾದು ಎದ್ದು ಮತ್ತೆ ಡ್ಯೂಟಿಗೆ ಹೋದಳು.

ಮರುವರ್ಷ ಅವಳು ಸರಕಾರಿ ನರ್ಸ್ ಹುದ್ದೆಗೆ ಆಯ್ಕೆಯಾದಳು. ವೈದ್ಯಕೀಯ ಪರೀಕ್ಷೆಯಲ್ಲಿ ಅದೇ ಎಂಬತ್ತೆರಡು ಬಂತು. ಎಕ್ಸ್‌ರೇ ಸರಿ, ಹೃದಯದ ಎಕೋ ಸರಿ. ಆದರೂ ಪರೀಕ್ಷೆ ನಡೆಸಿದ ವೈದ್ಯಕೀಯ ಮಂಡಳಿಯವರು ಕಾರಣ ತಿಳಿಸು ಎಂದರು. ದೂರದ ಊರಿನ ಖಾಸಗಿ ಪ್ರಯೋಗಾಲಯವೊಂದಕ್ಕೆ ರಕ್ತ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದಳು. ಆ ವರದಿ ನೋಡಿದ ಮೇಲೆ ಮಂಡಳಿ ಬರೆದದ್ದು ಒಂದೇ ಪದ: ಅನರ್ಹ.

ಆಕೆಯ ಹಳೆಯ ರಸಾಯನಶಾಸ್ತ್ರದ ಮೇಷ್ಟ್ರು ನನ್ನ ಹೆಸರು ಹೇಳಿ ಕಳಿಸಿದ್ದರು. ವರದಿ ಮುಂದಿಟ್ಟು ಅವಳು ಅಳಲಿಲ್ಲ, ದೂರಲೂ ಇಲ್ಲ. ‘ಮೇಡಂ, ನನ್ನ ರಕ್ತದಾಗ ಏನೋ ಫರಕ್ ಅದ ಅಂತ ಇವರೇ ಬರದಾರ. ಫರಕ್ ಇದ್ದರೂ ಏನೂ ಆಗಂಗಿಲ್ಲ ಅಂತನೂ ಬರದಾರ. ಹಂಗಾದ್ರ ಈ ತುಟಿ ಯಾಕ ನೀಲಿ ಅದಾವು?’ ಎಂದು ಕೇಳಿದಳು.

ವರದಿಯನ್ನು ಎರಡು ಸಲ ಓದಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರಲ್ಲಿ ನಾಲ್ಕು ಸರಪಳಿಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಫರ್ಹಾನಾಳ ಬೀಟಾ ಸರಪಳಿಯ 102ನೆಯ ಸ್ಥಾನದಲ್ಲಿ ಆಸ್ಪರಜಿನ್ ಎಂಬ ಆಮ್ಲದ ಬದಲು ಬೇರೊಂದು ಇತ್ತು. ಪ್ರಯೋಗಾಲಯದ ಟಿಪ್ಪಣಿ ಹೀಗಿತ್ತು: ಈ ರೆಸಿಡ್ಯೂ ತನ್ನದೇ ಸರಪಳಿಯ ಅಕ್ಕಪಕ್ಕದವುಗಳನ್ನು ಬಿಟ್ಟರೆ ಯಾವುದನ್ನೂ ತಾಗುವುದಿಲ್ಲ, ಹೊರಮೈಯಲ್ಲಿ ನೀರಿಗೆ ಮುಖಮಾಡಿದೆ, ಬದಲಾವಣೆ ನಿರುಪದ್ರವಿ, ಆಮ್ಲಜನಕ ಕಡಿಮೆಯಾಗಲು ಇದು ಕಾರಣವಲ್ಲ. ರಕ್ತ ಕಾರಣವಲ್ಲದಿದ್ದರೆ ಹೃದಯದಲ್ಲೋ ಶ್ವಾಸಕೋಶದಲ್ಲೋ ಅಡಗಿದ ದೋಷವಿದೆ ಎಂದು ಮಂಡಳಿ ತೀರ್ಮಾನಿಸಿದ್ದಿರಬೇಕು.

102ನೆಯ ಸ್ಥಾನ ಎಂದು ಓದಿದಾಗಲೇ ನನ್ನ ತಲೆ ಬಿಸಿಯಾಗಿತ್ತು. ಅದು ಯಾವುದನ್ನೂ ತಾಗುವುದಿಲ್ಲ ಎಂದರೆ ನಾನು ಮೂವತ್ತು ವರ್ಷ ಪಾಠ ಮಾಡಿದ್ದೆಲ್ಲ ಸುಳ್ಳು. ಅವರು ಬಳಸಿದ ಕಡತದ ಸಂಖ್ಯೆ ವರದಿಯ ಕೊನೆಯಲ್ಲಿತ್ತು. ಅದನ್ನು ಅಲ್ಲೇ ತೆರೆದೆವು. ಪಕ್ಕದಲ್ಲಿ ಫರ್ಹಾನಾ ಕೂತಿದ್ದಳು. ಎಷ್ಟು ಸರಪಳಿ ಕಾಣುತ್ತವೆ ಎಂದು ಅವಳನ್ನೇ ಕೇಳಿದೆ. ಎಣಿಸಿ, ಎರಡೇ ಅಂದಳು.

ಕೆಲವು ಹರಳುಗಳಲ್ಲಿ ಅಣುವಿನ ಒಂದು ಅರ್ಧ ಇನ್ನೊಂದರ ಪಡಿಯಚ್ಚು. ಅಂಥಲ್ಲಿ ಅರ್ಧವನ್ನು ಮಾತ್ರ ಕಡತದಲ್ಲಿ ಬರೆದು, ಉಳಿದರ್ಧವನ್ನು ಹೀಗೆ ತಿರುಗಿಸಿ ಕೂಡಿಸಿಕೊಳ್ಳಿ ಎಂದು ಮೊದಲ ಸಾಲುಗಳಲ್ಲೇ ಸೂಚನೆ ಕೊಟ್ಟಿರುತ್ತಾರೆ. ಪ್ರಯೋಗಾಲಯದವರು ಆ ಸಾಲುಗಳನ್ನು ಓದಿರಲಿಲ್ಲ. ಅರ್ಧ ಹಿಮೋಗ್ಲೋಬಿನ್ನನ್ನೇ ಇಡೀ ಹಿಮೋಗ್ಲೋಬಿನ್ ಎಂದು ಪ್ರೋಗ್ರಾಮಿಗೆ ಉಣಿಸಿದ್ದರು.

ನಾನು ಉಳಿದರ್ಧವನ್ನು ಕೂಡಿಸಿ ಲೆಕ್ಕವನ್ನು ಮತ್ತೆ ಓಡಿಸಿದೆ. 102ನೆಯ ಆಸ್ಪರಜಿನ್, ಎದುರಿನ ಅರ್ಧದ ಆಲ್ಫಾ ಸರಪಳಿಯ 94ನೆಯ ಆಸ್ಪಾರ್ಟಿಕ್ ಆಮ್ಲವನ್ನು ಸುಮಾರು ಮೂರು ಆಂಗ್‌ಸ್ಟ್ರಾಮ್ ಅಂತರದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ತನ್ನ ಆಕಾರ ಉಳಿಸಿಕೊಳ್ಳಲು ಈ ಹಿಡಿತ ಬೇಕು. ಫರ್ಹಾನಾಳ ರಕ್ತದಲ್ಲಿ ಅದಿಲ್ಲ. ಹಾಗಾಗಿ ಅವಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸಡಿಲವಾಗಿ ಹಿಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಯಂತ್ರದಲ್ಲಿ ಸಂಖ್ಯೆ ಕಡಿಮೆ ಬರುತ್ತದೆ, ತುಟಿ ನೀಲಿಯಾಗುತ್ತದೆ, ಆದರೆ ಮೈಗೆ ಬೇಕಾದ ಆಮ್ಲಜನಕ ಮೈಗೆ ಸಿಗುತ್ತದೆ.

ಆ ಮಧ್ಯಾಹ್ನವೇ ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಮೂವರ ಕೈದಾಟಿ ಸಿಕ್ಕ ಅಧಿಕಾರಿ ತಾಳ್ಮೆಯಿಂದಲೇ ಕೇಳಿದ. ಕೊನೆಗೆ, ‘ಅದು ನಮ್ಮ ಸಾಫ್ಟ್‌ವೇರ್ ಕೊಟ್ಟ ಉತ್ತರ ಮೇಡಂ. ಹೊಣೆ ನಮ್ಮದಲ್ಲ ಅಂತ ಕೆಳಗಡೆ ಬರೆದಿದ್ದೀವಲ್ಲ’ ಅಂದ. ಇನ್ನೊಬ್ಬರ ಅನ್ನದ ವಿಷಯದಲ್ಲಿ ಇಷ್ಟು ಹಗುರವಾಗಿ ಮಾತಾಡಿದವರನ್ನು ನನ್ನ ವೃತ್ತಿಯಲ್ಲಿ ಬೇರೆ ಕಂಡಿಲ್ಲ.

ಆದರೆ ಲೆಕ್ಕವೊಂದೇ ಪುರಾವೆಯಲ್ಲ. ಇಂಥ ಬದಲಾವಣೆ ವಂಶದಲ್ಲಿ ಹರಿದುಬಂದಿರಬಹುದು ಎಂದು ಸುಲೇಪೇಟಕ್ಕೆ ಹೋದೆ. ಫರ್ಹಾನಾಳ ತಾಯಿ ಖಮರುನ್ನಿಸಾ ಬಾಗಿಲಲ್ಲೇ ಬರ್ರಿ, ಕುಂದ್ರಿ ಎಂದು ಕರೆದು ಕೂರಿಸಿದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ತುಟಿ ಮಗಳದಕ್ಕಿಂತ ನೀಲಿ. ಬೆರಳಿಗೆ ಯಂತ್ರ ಹಾಕಿದರೆ ಎಂಬತ್ತು. ನನ್ನ ಮುಖ ನೋಡಿ ಅವರೇ ಹೇಳಿದರು: ‘ಸಣ್ಣಾಕಿ ಇದ್ದಾಗಿಂದ ತೊಗರಿ ಹೊಲದಾಗ ದುಡದೀನ್ರಿ. ನಾಕ್ ಮಕ್ಕಳ ಹಡದೀನಿ. ಆವಾಗ ಯಾರೂ ನನ್ನ ಬೆರಳಿಗಿ ಮಶೀನ್ ಹಚ್ಚಲಿಲ್ಲ, ಅದಕ್ಕ ಪಾರಾದೆ.’

ತಾಯಿಯ ಜೀನಿನಲ್ಲೂ ಅದೇ ಬದಲಾವಣೆ ಸಿಕ್ಕಿತು. ಪರಿಚಯದ ವೈದ್ಯರೊಬ್ಬರು ಫರ್ಹಾನಾಳ ಧಮನಿಯ ರಕ್ತವನ್ನೂ ಪರೀಕ್ಷಿಸಿದರು. ರಕ್ತದಲ್ಲಿ ಕರಗಿದ ಆಮ್ಲಜನಕದ ಒತ್ತಡ ಪೂರ್ತಿ ಸರಿಯಾಗಿತ್ತು. ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇದೆಲ್ಲ ಹಿಡಿದು ಮಂಡಳಿಯ ಮುಂದೆ ಹೋಗಲು ನಾಲ್ಕು ಅರ್ಜಿ ಬೇಕಾದವು. ಮೂವರು ವೈದ್ಯರು ಕೂತಿದ್ದರು. ಅಧ್ಯಕ್ಷರು ನಾನು ತಂದಿದ್ದ ಹಿಮೋಗ್ಲೋಬಿನ್ ಚಿತ್ರಗಳನ್ನು ತಿರುಗಿಸಿಯೂ ನೋಡದೆ, ‘ನೀವು ಡಾಕ್ಟರ್ ಅಲ್ಲ ಮೇಡಂ. ಹರಳಿನ ಲೆಕ್ಕ ತಗೊಂಡು ನಾವೇನು ಮಾಡೋಣ?’ ಎಂದರು. ಹರಳಿನ ಲೆಕ್ಕದ ಮೇಲೆಯೇ ನೀವು ಇವಳನ್ನು ಅನರ್ಹಳೆಂದಿರಿ, ಅದೂ ತಪ್ಪು ಲೆಕ್ಕ ಎಂದೆ. ದನಿ ಏರಿತ್ತು, ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಮಂಡಳಿಯಲ್ಲಿದ್ದ ಅರಿವಳಿಕೆ ತಜ್ಞೆ ಮಾತ್ರ ಧಮನಿ ರಕ್ತದ ವರದಿಯನ್ನು ಎಳೆದುಕೊಂಡು ಓದಿದರು. ಹೃದಯದಲ್ಲಿ ರಂಧ್ರವಿದ್ದು ನೀಲಿಯಾಗಿದ್ದರೆ ಈ ಒತ್ತಡ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ಅಧ್ಯಕ್ಷರಿಗೆ ಮೆಲ್ಲಗೆ ವಿವರಿಸಿದರು. ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, ನೋಡೋಣ ಎಂದರು.

ತಿಂಗಳ ಮೇಲೆ ಪತ್ರ ಬಂತು. ನಾನು ಖುಷಿಯಿಂದ ಸಿಹಿ ತರಿಸಲು ಹೊರಟಿದ್ದೆ. ಫರ್ಹಾನಾ ಪತ್ರವನ್ನು ನನ್ನ ಕೈಗೆ ಕೊಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಮಾನವೀಯ ನೆಲೆಯಲ್ಲಿ ಪರಿಗಣಿಸಿ ಅಭ್ಯರ್ಥಿಯನ್ನು ಅರ್ಹಳೆಂದು ಭಾವಿಸಲಾಗಿದೆ.’

ಮೊದಲು ನೌಕರಿಗೆ ಸೇರಿಕೊ, ಸಾಲಿನ ಗೊಡವೆ ಆಮೇಲೆ ನೋಡೋಣ ಎಂದೆ. ಹೋರಾಡಿ ದಣಿದಿದ್ದೆ, ಸಿಕ್ಕದ್ದು ಕೈಜಾರೀತೆಂಬ ಹೆದರಿಕೆಯೂ ಇತ್ತು. ಅವಳು ಒಪ್ಪಲಿಲ್ಲ.

‘ದಯಾ ತೋರಿಸ್ಯಾರ ಮೇಡಂ. ನಾಳಿ ನನ್ನ ವಾರ್ಡಿನಾಗ ಯಾರರೆ ಪೇಶಂಟ್ ತೀರ್ಕೊಂಡ್ರ, ಕನಿಕರಕ್ಕ ನೌಕ್ರಿ ಕೊಟ್ಟ ನರ್ಸ್ ಇದ್ಲು ಅಂತಾರ. ನಾ ದಯಾ ಕೇಳಾಕತ್ತಿಲ್ಲ. ನಾ ಫಿಟ್ ಅದೀನಿ, ಹಂಗಂತ ಬರೀಲಿ.’

ಪತ್ರವನ್ನು ಹಾಗೇ ವಾಪಸ್ ಕಳಿಸಿದಳು. ಜೊತೆಗೆ ತಾನೇ ಬರೆದ ಅರ್ಧ ಪುಟದ ಕಾಗದ. ಮೂರು ವಾರ ಉತ್ತರವಿಲ್ಲ. ಆ ಮೂರು ವಾರ ನಾನು ಅವಳ ಹಟವನ್ನು ಮನಸ್ಸಿನಲ್ಲೇ ಬೈದಿದ್ದೇನೆ. ನಂತರ ಹೊಸ ಪ್ರಮಾಣಪತ್ರ ಬಂತು: ಅಭ್ಯರ್ಥಿಯ ಹಿಮೋಗ್ಲೋಬಿನ್ ಹುಟ್ಟಿನಿಂದ ಭಿನ್ನವಾಗಿದೆ, ಆಕ್ಸಿಮೀಟರ್ ಸಂಖ್ಯೆ ಅವರಿಗೆ ಅನ್ವಯಿಸುವುದಿಲ್ಲ, ಶುಶ್ರೂಷಾ ಕರ್ತವ್ಯಕ್ಕೆ ಅರ್ಹರು. ಮಾನವೀಯತೆಯ ಮಾತಿರಲಿಲ್ಲ.

ಫರ್ಹಾನಾ ಈಗ ಚಿಂಚೋಳಿ ಕಡೆಯ ಆಸ್ಪತ್ರೆಯಲ್ಲಿದ್ದಾಳೆ. ಅವಳೊಂದಿಗೆ ಆಯ್ಕೆಯಾದವರು ಹನ್ನೊಂದು ತಿಂಗಳು ಮೊದಲೇ ಸೇರಿದ್ದರಿಂದ ಸೇವಾ ಹಿರಿತನದ ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗೆ. ಅದಕ್ಕೆ ಯಾರೂ ಕ್ಷಮೆ ಕೇಳಲಿಲ್ಲ. ಪ್ರಯೋಗಾಲಯದವರು ವರದಿಯನ್ನು ತಿದ್ದಲೇ ಇಲ್ಲ. ಅದೇ ಅರ್ಧ ಕಡತದಿಂದ ಇನ್ನೆಷ್ಟು ಜನರಿಗೆ ನಿರುಪದ್ರವಿ ಎಂದು ಬರೆದು ಕೊಟ್ಟಿದ್ದಾರೆ ಎಂದು ಕೇಳಿ ನಾನು ಬರೆದ ಎರಡು ಪತ್ರಗಳಿಗೂ ಜವಾಬು ಬಂದಿಲ್ಲ.

ನಿವೃತ್ತಿಗೆ ಮುಂಚಿನ ಆ ಎರಡು ವರ್ಷ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಈ ಕಡತವನ್ನು ತೆರೆಸಿ, ಸರಪಳಿ ಎಣಿಸಲು ಹೇಳುತ್ತಿದ್ದೆ. ನಮಗೆ ಏನೂ ಕಾಣಲಿಲ್ಲ ಎಂದು ಬರೆಯಲು ಸಂಕೋಚಪಟ್ಟು, ಏನೂ ಇಲ್ಲ ಎಂದು ಬರೆದುಬಿಡುವ ಚಟ ನಮ್ಮ ವೃತ್ತಿಯಲ್ಲಿದೆ. ಹಾಗೆ ಬರೆದವರಿಗೆ ಅದರಿಂದ ಏನೂ ಆಗುವುದಿಲ್ಲ. ಆಗುವುದೆಲ್ಲ ಆ ಕಾಗದ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತವರಿಗೆ.