ಬಿಷಪ್ ಸ್ವಾಮಿಗಳ ಗೋರಿಗೆ ಸುಣ್ಣ

ಸತ್ತವರ ಹಬ್ಬದ ದಿನ ಬೆಳಗಿನ ತಿಂಡಿ ಮುಗಿಸಿ ಅತ್ತೆಯೂ ನಾನೂ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿ ಓಕ್ಲ್ಯಾಂಡಿನ ರೈಲು ಹತ್ತಿದೆವು. ನನ್ನ ತೊಡೆಯ ಮೇಲೆ ಮೊಸರಿನ ದೊಡ್ಡ ಡಬ್ಬಿ. ಒಳಗಿದ್ದದ್ದು ಸುಣ್ಣ. ತೋಟಕ್ಕೆ ಹಾಕುವ ಸುಣ್ಣದ ಪುಡಿಯನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಿಂದಿನ ದಿನವೇ ನೆನೆಸಿದ್ದೆವು. ಅದಕ್ಕೆ ಅತ್ತೆ ಬೆರೆಸಿದ ಚಿಟಿಕೆ ನೀಲಿ ಮಾತ್ರ ಊರಿನದು.

ಎದುರು ಕುಳಿತಿದ್ದ ಬೆಂಗಳೂರಿನ ಹುಡುಗಿ ನಮ್ಮ ಮಾತು ಕೇಳಿ ನಕ್ಕಳು. "ಆಂಟಿ, ಪಾಟ್‌ಲಕ್ ಊಟಕ್ಕಾ? ಮೊಸರನ್ನಾನಾ?"

"ಇಲ್ಲ ಕಣವ್ವ, ಗೋರಿಗೆ ಸುಣ್ಣ" ಎಂದರು ಅತ್ತೆ. ಹುಡುಗಿ ಮೆಲ್ಲಗೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು.

ಮಂಡ್ಯ ಸೀಮೆಯ ನಮ್ಮೂರಿನ ಚರ್ಚಿನ ಪಕ್ಕ ಒಂದು ಖಾಲಿ ಗೋರಿ ಇದೆ. ಬ್ರಿಟಿಷರ ಕಾಲದಲ್ಲಿ ಫ್ರಾನ್ಸಿನಿಂದ ಬಂದಿದ್ದ ಬಿಷಪ್ ಸ್ವಾಮಿಗಳು ತಮಗಾಗಿ ಕಟ್ಟಿಸಿಟ್ಟುಕೊಂಡದ್ದು. ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ, ನೆಲದ ಮೇಲೆ ಕುಳಿತು ಮುದ್ದೆ ಉಂಡವರು. ಪ್ಲೇಗು ಬಂದಾಗ ಊರು ಬಿಟ್ಟವರ ಜೊತೆ ಹೊಲದ ಗುಡಿಸಲುಗಳಲ್ಲೇ ಇದ್ದುಬಿಟ್ಟವರು. ಕೊನೆಗೆ ಕಣ್ಣು ಮಂಜಾಗಿ, ಚಿಕಿತ್ಸೆಗೆಂದು ತಮ್ಮನಿದ್ದ ಕ್ಯಾಲಿಫೋರ್ನಿಯಾಕ್ಕೆ ಹಡಗು ಹತ್ತಿದವರು ಮರಳಲಿಲ್ಲ. ಆದರೂ ಪ್ರತಿ ವರ್ಷ ಈ ಹಬ್ಬಕ್ಕೆ ಆ ಖಾಲಿ ಗೋರಿಗೂ ಸುಣ್ಣ ಬಳಿದು ಮೇಣದಬತ್ತಿ ಹಚ್ಚುತ್ತಾರೆ. ಅದು ಅತ್ತೆಯ ತವರಿನವರ ಕೆಲಸ. ಅವರ ಅಜ್ಜಿ ಮರಿಯವ್ವನನ್ನು ಪ್ಲೇಗಿನಲ್ಲಿ ಉಳಿಸಿದ್ದು ಸ್ವಾಮಿಗಳೇ ಅಂತೆ.

ಸ್ವಾಮಿಗಳನ್ನು ಮಣ್ಣು ಮಾಡಿದ್ದು ಓಕ್ಲ್ಯಾಂಡಿನಲ್ಲಿ ಎಂದು ಊರಿನ ಈಗಿನ ಪಾದ್ರಿಗಳು ಪತ್ತೆ ಮಾಡಿದ್ದರು. ಆ ಸುದ್ದಿ ತಿಳಿದದ್ದೇ, ನಮ್ಮಲ್ಲಿಗೆ ಬಂದಿದ್ದ ಅತ್ತೆ ಊರಲ್ಲಿದ್ದ ತಂಗಿ ಫಿಲೋಮಿನಾಗೆ ಫೋನಿನಲ್ಲಿ ಅಪ್ಪಣೆ ಮಾಡಿದ್ದರು: "ಈ ವರ್ಷ ಅಲ್ಲಿ ಬಳೀಬ್ಯಾಡ. ಸ್ವಾಮಿಗಳು ಇರೋ ತಾವೇ ನಾನು ಬಳೀತೀನಿ."

ಓಕ್ಲ್ಯಾಂಡಿನಲ್ಲಿ ಇಳಿದು ಬಸ್ಸು ಹಿಡಿದೆವು. ರೈಲಿನ ಕಾರ್ಡೇ ಅಲ್ಲೂ ನಡೆಯಿತು; ಅತ್ತೆಗೆ ಹಿರಿಯರ ರಿಯಾಯಿತಿ. ಬೆಳಗಿನ ಮಂಜು ಕರಗಿ ಬಿಸಿಲು ಬಂದಿತ್ತು. ದಿಬ್ಬದ ಮೇಲಿನ ಸ್ಮಶಾನದಿಂದ ಬಂದರಿನ ಕ್ರೇನುಗಳೂ ಅದರಾಚೆ ಕೊಲ್ಲಿಯ ನೀರೂ ಕಾಣುತ್ತಿದ್ದವು. ಮೆಕ್ಸಿಕೋ ಕಡೆಯ ಕುಟುಂಬಗಳು ಸಮಾಧಿಗಳ ಸುತ್ತ ರಾಶಿ ರಾಶಿ ಚೆಂಡುಹೂವು ಜೋಡಿಸುತ್ತಿದ್ದವು.

"ಇವ್ರೂ ನಮ್ ಕಡೆಯೋರೇನೆ?" ಎಂದು ಅತ್ತೆ ಸುತ್ತ ನೋಡಿದರು.

ಸ್ವಾಮಿಗಳ ಕಲ್ಲು ಒಂದು ಮರದಡಿ ಪಾಚಿಗಟ್ಟಿ ಮಲಗಿತ್ತು. ನಾನು ನೀರು ತರುವಷ್ಟರಲ್ಲಿ ಅತ್ತೆ ಚಪ್ಪಲಿ ಕಳಚಿ, ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿ, ಒಂದು ಮಗ್ಗುಲಿಗೆ ಸುಣ್ಣ ಬಳಿದಾಗಿತ್ತು. ಚಿಕ್ಕ ಗಾಡಿಯಲ್ಲಿ ಬಂದ ಸ್ಮಶಾನದ ಮೇಲ್ವಿಚಾರಕ ಗದರಲಿಲ್ಲ. ಹಳೆಯ ಕಲ್ಲು, ಸುಣ್ಣಕ್ಕೆ ಅಕ್ಷರ ಹಾಳಾಗುತ್ತವೆ, ತೊಳೆಯಲೇಬೇಕು ಎಂದ.

"ಏನಂತಾನೆ?"

"ತೊಳೀಬೇಕಂತೆ ಅತ್ತೆ."

"ಹಬ್ಬದ ದಿನ ಸುಣ್ಣ ತೊಳಿ ಅಂತಾನಲ್ಲ, ಇವನೆಂಥ ಕ್ರಿಸ್ತುವನು!" ಎಂದವರು ಬ್ರಶ್ಶು ಕೆಳಗಿಟ್ಟು ಅಲ್ಲೇ ಕುಸಿದರು. "ಊರಲ್ಲೂ ಇಲ್ಲ, ಇಲ್ಲೂ ಇಲ್ಲ. ನನ್ನ ಬಾಯಿಂದ ಸ್ವಾಮಿಗಳಿಗೆ ಈ ವರ್ಷ ಹಬ್ಬನೇ ಇಲ್ದಂಗಾಯ್ತಲ್ಲ, ಲೀನಾ."

ಇಬ್ಬರೂ ಸೇರಿ ತೊಳೆದೆವು. ಪಕ್ಕದ ಸಮಾಧಿಯ ಹೆಂಗಸು ಏನೂ ಕೇಳದೆ ಒಂದು ಬೊಗಸೆ ಚೆಂಡುಹೂವು ತಂದುಕೊಟ್ಟಳು. ಅತ್ತೆ ಅದನ್ನು ಕಲ್ಲಿನ ಮೇಲಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಪಕ್ಕದ ಮನೆಯವರೊಡನೆ ಮಾತಾಡುವಂತೆ ಶುರು ಮಾಡಿದರು.

"ಸ್ವಾಮಿ, ನಾನು ಪ್ಲೇಗಿನ ಮರಿಯವ್ವನ ಮೊಮ್ಮಗಳು. ನೀವು ತೋಡ್ಸಿದ ಬಾವೀಲಿ ಇನ್ನೂ ನೀರದೆ. ಸೇದೋರಿಲ್ಲ, ಮನೆಮನೆಗೂ ನಲ್ಲಿ ಬಂದದೆ. ನಿಮ್ ಗಂಟೆ ಈಗ್ಲೂ ಹೊಡೀತಾರೆ. ಇಷ್ಟು ವರ್ಷ ಒಂದ್ ಮಾತು ಕನ್ನಡ ಕಿವಿಗೆ ಬೀಳದೆ ಹೆಂಗಿದ್ರೋ, ಪಾಪ. ನಿಮ್ ಜಾಗ ಹಂಗೇ ಅದೆ. ಯಾರಿಗೂ ಕೊಟ್ಟಿಲ್ಲ."

ಅಲ್ಲೇ ಕುಳಿತು ಚಪಾತಿ ತಿಂದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಸ್ಸು ಬಂತು. ಅತ್ತೆ ಕಿಟಕಿಯಿಂದ ಆ ಮರ ಮರೆಯಾಗುವ ತನಕ ನೋಡಿ, ಊರಲ್ಲಿ ಮರುದಿನ ಇನ್ನೂ ಬೆಳಕಾಗಿರದ್ದರಿಂದ ನನ್ನ ಫೋನಿನಲ್ಲಿ ತಂಗಿಗೆ ಮಾತು ರೆಕಾರ್ಡು ಮಾಡಿ ಕಳಿಸಿದರು.

"ಫಿಲೋಮಿನಾ, ಹಬ್ಬ ಕಳೀತು ಅನ್ಬ್ಯಾಡ. ಎದ್ದೇಟ್ಗೆ ಸುಣ್ಣ ಕಲೆಸಿ ಊರಿನ ಗೋರಿಗೆ ಎರಡು ಸಲ ಬಳಿ. ನಾನು ಸ್ವಾಮಿಗಳನ್ನ ಕರೆದು ಬಂದಿದೀನಿ."