ರಾಹುಕಾಲದಲ್ಲಿ ಸಿಕ್ಕ ತಮ್ಮ

ನನ್ನ ತಮ್ಮ ಆಗ ಒಂದು ವಿದೇಶಿ ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದ. ಪ್ರಯಾಣಿಕರ ರೂಮು ಗುಡಿಸುವುದು, ಹಾಸಿಗೆ ಬದಲಾಯಿಸುವುದು, ಬಚ್ಚಲು ತೊಳೆಯುವುದು. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿಟ್ಟವನಲ್ಲ ಅವನು. ಈ ಮಾತನ್ನು ಅಮ್ಮನ ಎದುರು ಆಡುವಂತಿರಲಿಲ್ಲ. ನಮ್ಮೂರು ಕೆಲಮಂಗಲದಲ್ಲಿ ಯಾರಾದರೂ ಮಗನ ಬಗ್ಗೆ ಕೇಳಿದರೆ ಹಡಗಿನಲ್ಲಿದ್ದಾನೆ ಎಂದಷ್ಟೇ ಹೇಳುತ್ತಿದ್ದಳು. ಕೇಳಿದವರು ಹಡಗನ್ನು ಅವನೇ ಓಡಿಸುತ್ತಾನೆ ಎಂದುಕೊಂಡರೆ ಅದು ಅವರ ಪಾಡು.

ಮನೆಗೊಂದು ಮೊಬೈಲು ಬಂದಿದ್ದ ಕಾಲ. ನಾವು ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಬಾಡಿಗೆ ಮನೆಯಲ್ಲಿದ್ದೆವು, ನನ್ನ ಗಂಡನಿಗೆ ಅಲ್ಲೇ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಒಂದು ಭಾನುವಾರ ತಮ್ಮ ಯಾವುದೋ ದೇಶದ ಬಂದರಿನಿಂದ ಫೋನ್ ಮಾಡಿ, ಮುಂದಿನ ತಿಂಗಳು ಹಡಗು ಚೆನ್ನೈಗೆ ಬರುತ್ತದೆ ಎಂದ. ಒಂದೇ ದಿನ ನಿಲ್ಲುತ್ತದೆ, ಬುಧವಾರ. ಬೆಳಿಗ್ಗೆ ಇಳಿದರೆ ಸಂಜೆಯೊಳಗೆ ಹತ್ತಿಬಿಡಬೇಕು. ಅವನನ್ನು ನೋಡಿ ಎರಡು ವರ್ಷದ ಮೇಲಾಗಿತ್ತು.

ಅವನು ಬಸ್ಸು ಹತ್ತಿ ಕೃಷ್ಣಗಿರಿಯವರೆಗಾದರೂ ಬರಲಿ, ನಾವು ಅಲ್ಲಿಗೆ ಹೋಗೋಣ ಎಂದು ನಾನು ಹೇಳಿದೆ. ನನ್ನ ಗಂಡ ಲೆಕ್ಕ ಹಾಕಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ಬಂದ ಬಸ್ಸಿಗೇ ವಾಪಸ್ಸು ಹತ್ತಬೇಕಾಗುತ್ತದೆ ನಿನ್ನ ತಮ್ಮ ಎಂದು ನಕ್ಕರು. ಹಡಗಿನವರು ಅಷ್ಟು ದೂರ ಹೋಗಲು ಬಿಡುವುದೂ ಇಲ್ಲವಂತೆ. ಹಾಗಾಗಿ ನಾವೇ ಹೋಗುವುದೆಂದಾಯಿತು. ಇನ್ನು ಆ ಒಂದು ದಿನವನ್ನು ಏನು ಮಾಡುವುದು? ಬೀಚಿಗೆ ಹೋಗಿ, ಒಳ್ಳೆ ಬಿರಿಯಾನಿ ತಿನ್ನಿಸಿ ಕಳಿಸಿ ಎಂದರು ನನ್ನ ಗಂಡ. ನನಗೆ ಏನೂ ಮಾಡುವುದು ಬೇಕಿರಲಿಲ್ಲ. ಎಲ್ಲಾದರೂ ಒಂದು ನೆರಳಿನಲ್ಲಿ ಅವನ ಪಕ್ಕ ಕೂತು ಸಂಜೆಯವರೆಗೆ ಮಾತಾಡಬೇಕು, ಅಷ್ಟೇ ನನ್ನ ಆಸೆ.

ಅಮ್ಮ ಮಾತ್ರ ಮೊದಲೇ ತೀರ್ಮಾನ ಮಾಡಿಯಾಗಿತ್ತು. ಆ ದಿನ ನನ್ನ ಮಗಳಿಗೆ ಕಿವಿ ಚುಚ್ಚಿಸಬೇಕು.

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ. ಬೇರೆ ಯಾವ ತೊಡೆಯೂ ಆಗುವುದಿಲ್ಲ. ನನಗಿದ್ದವನು ಅವನೊಬ್ಬನೇ ತಮ್ಮ, ಮಗಳು ಹುಟ್ಟುವ ಮುಂಚೆಯೇ ಹಡಗು ಹತ್ತಿದ್ದ. ಮೊದಲ ಸಲ ರಜೆಗೆ ಬಂದಾಗ ನಮ್ಮ ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಮನೆಯಲ್ಲಿ ಶುಭಕಾರ್ಯ ಮಾಡುವಂತಿರಲಿಲ್ಲ. ಆಗ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಮೂರು ತುಂಬುವುದರಲ್ಲಿದ್ದಳು. ನಾಲ್ಕಕ್ಕೆ ಬಿದ್ದರೆ ಸಮ ವರ್ಷ, ಮತ್ತೆ ಒಂದು ವರ್ಷ ಕಾಯಬೇಕು. ಗಂಡನ ಕಡೆಯವರು ನನ್ನ ಮಗಳ ಬೋಳು ಕಿವಿ ನೋಡಿ ನೋಡಿ, ನಿನ್ನ ಚಿಕ್ಕಪ್ಪನ ಮಗನನ್ನಾದರೂ ಕೂರಿಸಿ ಮುಗಿಸಬಾರದಾ ಎನ್ನುತ್ತಿದ್ದರು. ಅವರು ಹಾಗೆ ಅಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ತಮ್ಮನೇ ಇಲ್ಲವೇನೋ ಎಂಬಂತೆ.

ಹಾಗಂತ ಅಮ್ಮನ ಜೊತೆ ಜಗಳ ಆಡದೆ ಬಿಡಲಿಲ್ಲ. ಒಂದು ದಿನಕ್ಕೆ ಬರುವವನನ್ನು ಹಿಡಿದು ಶಾಸ್ತ್ರಕ್ಕೆ ಕೂರಿಸುವುದಾ, ಅವನಿಗೂ ಒಂದು ಆಸೆ ಇರುವುದಿಲ್ಲವಾ ಎಂದೆ. ಅವನನ್ನೇ ಕೇಳು ಎಂದಳು ಅಮ್ಮ. ಮುಂದಿನ ಸಲ ಫೋನ್ ಬಂದಾಗ ಕೇಳಿದೆ. "ನೀವೇನ್ ಹೇಳ್ತೀರೋ ಅದೇಯ ಕಣಕ್ಕ" ಎಂದ. ಚಿಕ್ಕಂದಿನಿಂದಲೂ ಅವನು ಹೀಗೆಯೇ. ನಾವು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದವನು ಹಡಗಿಗೆ ಹೋಗುವ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಿರಲಿಲ್ಲ.

ಅಮ್ಮ ಕೆಲಮಂಗಲದ ಜೋಯಿಸರನ್ನು ಕೇಳಿಕೊಂಡು ಬಂದಳು. ಬುಧವಾರ ಬೆಳಿಗ್ಗೆ ಒಂಬತ್ತರ ಮೇಲೆ ಗಳಿಗೆ ಚೆನ್ನಾಗಿದೆ, ಹನ್ನೆರಡಕ್ಕೆ ರಾಹುಕಾಲ ಹುಟ್ಟುವುದರೊಳಗೆ ಮುಗಿಸಬೇಕು. ಸೋದರಮಾವನ ಕಡೆಯಿಂದ ಕೊಡಬೇಕಾದ, ಕಿವಿಗೆ ಹಾಕುವ ಪುಟ್ಟ ಚಿನ್ನದ ಮುರುಗಳನ್ನು ನಮ್ಮೂರ ಆಚಾರಿಯ ಹತ್ತಿರವೇ ಮಾಡಿಸಿದಳು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಮಂಗಳವಾರ ನಾನು, ಅಮ್ಮ, ಮಗಳು ಹೊಸೂರಿನಲ್ಲಿ ಬಸ್ಸು ಹತ್ತಿ ಚೆನ್ನೈಗೆ ಹೋಗಿ, ಬಂದರಿಗೆ ಹತ್ತಿರವಿದ್ದ ಒಂದು ಛತ್ರದಲ್ಲಿ ಉಳಿದೆವು. ಛತ್ರದ ಪಕ್ಕದಲ್ಲೇ ಒಂದು ಸಣ್ಣ ಅಮ್ಮನವರ ಗುಡಿ. ಅಲ್ಲಿಯ ಪೂಜಾರಿಗೆ ಹೇಳಿ, ಅವರ ಮೂಲಕ ಕಿವಿ ಚುಚ್ಚಲು ಬರುವಂತೆ ಅದೇ ಬೀದಿಯ ಆಚಾರಿಗೂ ಹೇಳಿದೆವು. ಬೆಳಿಗ್ಗೆ ಎದ್ದು ಛತ್ರದ ಒಲೆಯಲ್ಲಿ ಅಮ್ಮ ಮುದ್ದೆ ತೊಳಸಿ, ಉಪ್ಪುಸಾರು ಮಾಡಿ, ಮುದ್ದೆಯನ್ನು ಒದ್ದೆ ಟವಲಿನಲ್ಲಿ ಸುತ್ತಿಟ್ಟಳು.

ಬಂದರಿನ ಗೇಟಿನ ಮುಂದೆ ಎಂಟಕ್ಕೇ ಹೋಗಿ ನಿಂತೆವು. ದೊಡ್ಡ ದೊಡ್ಡ ಬಸ್ಸುಗಳಲ್ಲಿ ಬಿಳಿಯರು ಹೊರಗೆ ಬಂದರು, ಒಬ್ಬೊಬ್ಬರ ತಲೆಗೂ ಒಂದೊಂದು ಟೋಪಿ. ಅವರೆಲ್ಲ ಮಹಾಬಲಿಪುರಕ್ಕೋ ಎಲ್ಲಿಗೋ ಹೊರಟವರು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದೂ ಆಯಿತು. ಪ್ರಯಾಣಿಕರೆಲ್ಲ ಇಳಿದ ಮೇಲೇ ಕೆಲಸದವರನ್ನು ಬಿಡುವುದು ಎಂದು ಗೇಟಿನವನು ಹೇಳಿದ. ಬಿಸಿಲೇರಿತು, ಮಗಳು ರಚ್ಚೆ ಹಿಡಿದಳು, ಅಮ್ಮ ನೂರು ಸಲ ನನ್ನ ಕೈಗಡಿಯಾರ ನೋಡಿದಳು. ಕೊನೆಗೆ ಅವನು ಕಾಣಿಸಿದ. ಬಿಳಿ ಅಂಗಿ, ಹಿಂದಕ್ಕೆ ಬಾಚಿದ ತಲೆ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಸೊರಗಿಹೋಗಿದ್ದ. ನನಗೆ ಅಳು ಬಂತು. ಅಮ್ಮ ಅವನ ಮುಖ ಸವರಿ, ಆಟೋ ಹತ್ತಿ ಹತ್ತಿ ಎಂದು ನಮ್ಮನ್ನೆಲ್ಲ ಒಳಗೆ ತಳ್ಳಿದಳು. ಗುಡಿಯ ಮುಂದೆ ಇಳಿಯುವ ಹೊತ್ತಿಗೆ ಹನ್ನೆರಡು ದಾಟಿಹೋಗಿತ್ತು.

ಅಮ್ಮ ಗುಡಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. ಆಚಾರಿ ಬಂದು ಸೂಜಿ, ತಂತಿ ಎಲ್ಲ ತಯಾರು ಮಾಡಿಕೊಂಡಿದ್ದ. ನಾಲ್ಕಕ್ಕೆ ತಮ್ಮ ಗೇಟಿನೊಳಗಿರಬೇಕು, ಈಗಲೇ ಮುಗಿಸಿಬಿಡೋಣ, ಊರು ಬಿಟ್ಟು ಊರಿಗೆ ಬಂದವರಿಗೆ ಯಾವ ರಾಹುಕಾಲ ಎಂದು ನಾನು ರೇಗಿದೆ.

"ಹಡಗಿಗೆ ರಾಹುಕಾಲ ಗೊತ್ತಿಲ್ದೆ ಇರ್ಬೋದು. ನಂಗೆ ಗೊತ್ತು" ಎಂದಳು ಅಮ್ಮ.

ಒಂದೂವರೆಗೆ ಬರುತ್ತೇನೆ ಎಂದು ಹೇಳಿ ಆಚಾರಿ ಊಟಕ್ಕೆ ಹೋದ. ನಮಗೆ ಮಾಡಲು ಏನೂ ಉಳಿಯಲಿಲ್ಲ. ಗುಡಿಯ ಪಕ್ಕದ ಮಂಟಪದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ತಮ್ಮ ತಲೆಯೆತ್ತದೆ ಉಂಡ, ಮಧ್ಯೆ ಒಂದು ಸಲ ಮಾತ್ರ ಸಾರು ಇನ್ನೂ ಇದೆಯಾ ಎಂದು ಕೇಳಿದ. ಊಟ ಆದ ಮೇಲೆ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿ ಎರಡೂ ಕೈ ಅಗಲಿಸಿದ.

"ಈ ನೆಲ ಅಲ್ಲಾಡಲ್ಲ ಕಣಕ್ಕ" ಎಂದ.

ಮಗಳು ನನ್ನ ಸೆರಗಿನ ಹಿಂದೆ ಅವಿತಿದ್ದಳು. ಅವನು ತಂದಿದ್ದ ಚಾಕೊಲೇಟನ್ನು ನನ್ನ ಕೈಯಿಂದ ಇಸಿದುಕೊಂಡು ತಿಂದಳೇ ಹೊರತು ಅವನ ಹತ್ತಿರ ಸುಳಿಯಲಿಲ್ಲ. ಇವಳು ತೊಡೆಯ ಮೇಲೆ ಕೂರದಿದ್ದರೆ ಬಂದದ್ದೆಲ್ಲ ದಂಡವಾಗುತ್ತದಲ್ಲ ಎಂದು ನನಗೆ ದಿಗಿಲು. ಮಾಮ ಕಣೇ, ಹೋಗೇ ಎಂದು ದಬ್ಬಿದರೆ ಇನ್ನೂ ಹಿಂದಕ್ಕೆ ಸರಿದಳು. ಅವನು ಅವಳನ್ನು ಕರೆಯಲೇ ಇಲ್ಲ. ಎದ್ದು ಕೂತು, ಮುದ್ದೆ ಸುತ್ತಿದ್ದ ಟವಲನ್ನು ಹಿಂಡಿ, ನೆಲದ ಮೇಲೆ ಹಾಸಿ, ಎರಡು ಕಡೆಯಿಂದ ಸುರುಳಿ ಸುತ್ತಿ, ಮಡಚಿ, ಏನೋ ಎಳೆದ. ನೋಡನೋಡುತ್ತಿದ್ದಂತೆ ಅದು ಸೊಂಡಿಲು ಎತ್ತಿ ನಿಂತ ಆನೆಯಾಯಿತು.

ನಮ್ಮ ಕಡೆಯ ಮಕ್ಕಳಿಗೆ ಆನೆಯೆಂದರೆ ಕಥೆಯಲ್ಲ. ಅಂಚೆಟ್ಟಿ ಕಾಡಿನಿಂದ ಇಳಿದು ಬಂದು ರಾಗಿ ಹೊಲ ತುಳಿಯುವುದು ಅದು. ಮಗಳು ಸೆರಗು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಇದು ರಾಗಿ ತಿನ್ನುತ್ತದಾ ಎಂದು ಕೇಳಿದಳು. ತಿನ್ನುತ್ತದೆ, ಇವತ್ತು ಮುದ್ದೆಯನ್ನೇ ತಿಂದುಬಿಟ್ಟಿದೆ ಎಂದ ಅವನು. ಅವಳು ಆನೆಯನ್ನು ಬಿಚ್ಚಿ ಹಾಕಿದಳು, ಅವನು ಮತ್ತೆ ಮಾಡಿದ. ಎಷ್ಟು ಸಲ ಬಿಚ್ಚಿದರೂ ಮತ್ತೆ ಮಾಡಿದ. ಎಲ್ಲಿ ಕಲಿತೆ ಎಂದು ಕೇಳಿದೆ. ರೂಮು ಗುಡಿಸಿ ಬರುವಾಗ ಹಾಸಿಗೆಯ ಮೇಲೆ ಇಂಥದ್ದೊಂದು ಮಾಡಿಟ್ಟು ಬರಬೇಕಂತೆ, ಮಕ್ಕಳಿರುವ ರೂಮಾದರೆ ತಪ್ಪದೆ ಮಾಡಬೇಕಂತೆ. ಆ ಮುಖ ಕಾಣದ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವನ ಬೆರಳ ತುದಿಗಳು ಬಚ್ಚಲು ತೊಳೆಯುವ ಯಾವುದೋ ಪುಡಿಗೆ ಬೆಂದು ಸಿಪ್ಪೆ ಸುಲಿದಿದ್ದವು. ನಾನು ಆ ಕೈಯನ್ನು ಹಿಡಿದುಕೊಂಡೆ, ಅವನು ಎಳೆದುಕೊಳ್ಳಲಿಲ್ಲ.

ಸಂಜೆಯವರೆಗೆ ಮಾತಾಡಬೇಕು ಎಂದು ನಾನು ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಮ್ಮ ಬಾವಿಯ ನೀರು, ಸತ್ತುಹೋದ ಎಮ್ಮೆ, ಮೂಕಂಡಪಲ್ಲಿಯಲ್ಲಿ ನಮ್ಮ ಮನೆಯ ಓನರಮ್ಮನ ಜಿಪುಣತನ, ಇಂಥದ್ದೇ ಆಡಿದೆವು. ಅಮ್ಮ ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದಳು. ಏನನ್ನೂ ಶುರು ಮಾಡಬಾರದ ಆ ಹೊತ್ತು ಮುಗಿಯದೇ ಇರಲಿ ಎಂದು ನಾನು ಬೇಡಿಕೊಂಡೆ. ಇಂದಿಗೂ ಆ ದಿನವೆಂದರೆ ನನಗೆ ಆ ಮಂಟಪದ ನೆರಳೇ.

ಒಂದೂವರೆ ದಾಟುತ್ತಲೇ ಆಚಾರಿ ಬಂದ. ಮಗಳು ಆನೆ ಹಿಡಿದುಕೊಂಡು ತಾನಾಗಿಯೇ ಮಾವನ ತೊಡೆಯೇರಿ ಕೂತಳು. ತಲೆ ಅಲ್ಲಾಡದಂತೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕಿವಿಗೆ ಸೂಜಿ ಹೋಗುತ್ತಲೇ ಅವಳು ಕಿರುಚಿಕೊಂಡಳು, ಎರಡನೆಯದಕ್ಕೆ ನನ್ನ ಕೈ ಕಚ್ಚಿದಳು. ನನ್ನ ತಮ್ಮ ಕಣ್ಣು ಮುಚ್ಚಿಕೊಂಡಿದ್ದ, ರೆಪ್ಪೆಯ ಕೆಳಗೆ ನೀರು. ಅಮ್ಮ ಕಿವಿಗೇರಿದ ಮುರುಗಳನ್ನು ನೋಡಿ ನೋಡಿ ದೃಷ್ಟಿ ತೆಗೆದಳು. ನಾನು ಮಗಳನ್ನು ಎತ್ತಿಕೊಳ್ಳಲು ಹೋದರೆ ಅವಳು ನನ್ನ ಕೈ ತಳ್ಳಿ ಮಾವನ ಕುತ್ತಿಗೆಗೆ ಜೋತುಬಿದ್ದಳು. ನೋವು ಕೊಟ್ಟವಳು ನಾನು, ಅಪ್ಪಿಕೊಂಡವನು ಅವನು, ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಆಟೋದಲ್ಲೂ ಅವನ ಹೆಗಲ ಮೇಲೆಯೇ ಇದ್ದಳು. ಗೇಟಿನ ಮುಂದೆ ಇಳಿದೆವು. ಅವನ ಜೊತೆಯವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು, ಗೇಟಿನವನು ಬೇಗ ಬೇಗ ಎನ್ನುತ್ತಿದ್ದ. ಅವನು ಬಾಗಿ ಅಮ್ಮನ ಕಾಲು ಮುಟ್ಟುವಾಗಲೂ ಮಗು ಕೊರಳು ಬಿಡಲಿಲ್ಲ. ಅವನು ಎರಡು ಸಲ ಅವಳನ್ನು ಇಳಿಸಲು ನೋಡಿ ಸೋತ.

"ನೀನೇ ಬಿಡಿಸ್ಕೋ ಅಕ್ಕ. ನನ್ ಕೈಲಾಗಲ್ಲ" ಎಂದ.

ಅವನ ಕಾಲರಿನಿಂದ ನನ್ನ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಒಂದು ಬಿಡಿಸಿದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ನನಗೂ ಅವನನ್ನು ಹಾಗೆಯೇ ಹಿಡಿದುಕೊಳ್ಳಬೇಕು ಅನಿಸಿತ್ತು, ದೊಡ್ಡವಳಾದ ತಪ್ಪಿಗೆ ಬಿಡಿಸುತ್ತಾ ನಿಂತಿದ್ದೆ. "ಬತ್ತೀನಿ" ಎಂದು ಅವನು ಸರಸರನೆ ನಡೆದ. ಮಗಳು ನನ್ನ ಕಂಕುಳಲ್ಲಿ ಒದ್ದಾಡುತ್ತಾ ಮಾಮಾ ಮಾಮಾ ಎಂದು ಕೂಗಿದಳು.

ಹೊರಟವರನ್ನು ಹಿಂದಿನಿಂದ ಕೂಗುವುದು ಮಹಾ ಅಪಶಕುನ. ನಾವು ಶಾಲೆಗೆ ಹೋಗುವಾಗಲೂ, ಮರೆತ ಬುತ್ತಿಯನ್ನು ಹಿಡಿದುಕೊಂಡು ನಮ್ಮ ಮುಂದಕ್ಕೆ ಓಡಿಬಂದು ಕೊಡುತ್ತಿದ್ದವಳು ಅಮ್ಮ, ಹಿಂದಿನಿಂದ ಒಂದು ದಿನವೂ ಕೂಗಿದವಳಲ್ಲ. ಈಗ ಮಗುವಿನ ಬಾಯಿ ಮುಚ್ಚುತ್ತಾಳೆ ಎಂದು ನಾನು ಅವಳ ಕಡೆ ತಿರುಗಿದೆ. ಅಮ್ಮ ಎರಡೂ ಕೈಯಲ್ಲಿ ಗೇಟಿನ ಕಂಬಿ ಹಿಡಿದು ನಿಂತಿದ್ದಳು.

"ಲೋ ಮಗಾ, ನಿಂತ್ಕೊಳ್ಳಲಾ" ಎಂದು ಗಂಟಲು ಹರಿಯುವಂತೆ ಕೂಗಿದಳು.

ಅವನು ನಿಂತು ತಿರುಗಿದ. ಏನಮ್ಮ ಎಂದು ಅಲ್ಲಿಂದಲೇ ಕೇಳಿದ. ಅಮ್ಮನಿಗೆ ಹೇಳುವುದಕ್ಕೆ ಏನೂ ಇರಲಿಲ್ಲ.