ಚಕ್ರಕ್ಕೆ ಕಲ್ಲು

ನಮ್ಮ ಭಾವ ಬಾಡಿಗೆ ಕಾರಿನ ಡ್ರೈವರ್. ಅಕ್ಕನನ್ನು ಕಟ್ಟಿಕೊಳ್ಳುವ ಮೊದಲೇ ಆ ಹಳೇ ಕಾರನ್ನು ಕಟ್ಟಿಕೊಂಡವರು. ದುಂಡು ಮೂತಿ, ಸೋಫಾದಂಥ ಸೀಟು, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಬಾಗಿಲನ್ನು ಎತ್ತಿ ಎಳೆದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಅಕ್ಕ ಅದನ್ನು ಸವತಿ ಎನ್ನುತ್ತಿದ್ದಳು. ಭಾವ ದಿನಾ ಬೆಳಿಗ್ಗೆ ಸವತಿಯ ಮೈ ಒರೆಸಿದರೇ ಹೊರತು, ಒಂದು ದಿನವಾದರೂ ಮನೆಯ ಲೋಟ ತೊಳೆದವರಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದರ ಹ್ಯಾಂಡ್‌ಬ್ರೇಕ್ ಯಾವ ಕಾಲದಲ್ಲೋ ಕೈಕೊಟ್ಟಿತ್ತು. ಮನೆಯಿರುವುದು ಇಳಿಜಾರಿನ ಕೊನೆಯಲ್ಲಿ, ಎದುರಿಗೇ ಗೋಡೆ. ಹಾಗಾಗಿ ಗಂಡ ಹೆಂಡತಿಗೆ ಒಂದು ರೂಢಿಯಾಗಿಬಿಟ್ಟಿತ್ತು. ಭಾವ ಬ್ರೇಕ್ ತುಳಿದು ಕೂತಿರಬೇಕು. ಅಕ್ಕ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು "ಆಯ್ತು" ಎನ್ನಬೇಕು. ಆಮೇಲೆಯೇ ಅವರು ಕಾಲೆತ್ತುವುದು. ಒಬ್ಬರೇ ಬಂದ ದಿನ ಹಾರ್ನ್ ಹೊಡೆಯುತ್ತಿದ್ದರು, ಅಕ್ಕ ಒಲೆ ಆರಿಸಿ ಓಡುತ್ತಿದ್ದಳು.

"ಬೇರೆ ಹೆಂಡ್ತೀರು ಗಂಡನ ಕೆಲಸಕ್ಕೆ ಕಲ್ಲು ಹಾಕ್ತಾರೆ. ಇವಳು ಚಕ್ರಕ್ಕೆ ಹಾಕ್ತಾಳೆ, ನನ್ನ ಪುಣ್ಯ" ಎಂದು ಭಾವ ನಗುತ್ತಿದ್ದರು.

ಆಮೇಲೆ ಅಕ್ಕನ ಕಿಡ್ನಿ ಕೆಟ್ಟವು. ಡಯಾಲಿಸಿಸ್ ತಪ್ಪಿದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಸವತಿಯೋ, ಆಸ್ಪತ್ರೆಯ ದಾರಿಯಲ್ಲೇ ಕೆಟ್ಟು ನಿಲ್ಲತೊಡಗಿತು. ಒಂದು ಸಲವಂತೂ ಅಕ್ಕ ಮುಖ ಊದಿ, ಉಸಿರಿಗೆ ಒದ್ದಾಡಿದಳು. ನಾನು ಭಾವನ ಮುಖಕ್ಕೇ ಕೇಳಿದೆ: "ಅಕ್ಕ ಬೇಕೋ ಈ ಡಬ್ಬಾ ಬೇಕೋ, ಹೇಳ್ಬಿಡಿ."

ಮರುವಾರವೇ ಮಾರಿದರು. ಕೊಂಡವರು ಅದನ್ನು ಎಳೆದೊಯ್ಯುವಾಗ ಭಾವ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ಬಂದದ್ದು ಬೆಂಕಿಪೊಟ್ಟಣದಂಥ ಹೊಸ ಕಾರು. ಗೇರು ತಾನೇ ಬದಲಾಗುತ್ತಿತ್ತು. ನಿಂತರೆ ಎಂಜಿನ್ ತಾನೇ ಆಫ್ ಆಗುತ್ತಿತ್ತು, ಬ್ರೇಕಿನಿಂದ ಕಾಲೆತ್ತಿದರೆ ತಾನೇ ಶುರುವಾಗುತ್ತಿತ್ತು. ಹಳೆಯದು ಕೆಮ್ಮಿ, ಗುಡುಗಿ, ಕೂತವರ ಹಲ್ಲು ಅಲ್ಲಾಡಿಸುತ್ತಿತ್ತು. ಇದಕ್ಕೆ ಸದ್ದೇ ಇಲ್ಲ.

"ಸತ್ತಿದೆಯೋ ಬದುಕಿದೆಯೋ ಒಂದೂ ಗೊತ್ತಾಗಲ್ಲ" ಎನ್ನುತ್ತಿದ್ದರು ಭಾವ.

ಆದರೆ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಅಕ್ಕನ ಊತ ಇಳಿಯಿತು. ನನ್ನನ್ನು ಬೈಯುವಷ್ಟು ಗೆಲುವಾದಳು, ನನಗೆ ಹೋದ ಜೀವ ಬಂದಂತಾಯಿತು. ಕಲ್ಲನ್ನು ಮಾತ್ರ ಬಿಡಲಿಲ್ಲ.

"ಇದಕ್ಕೆ ಬೇಡ ಕಣೇ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿದೆ."

"ನಿಮ್ಮ ಬ್ರೇಕ್ ನಿಮಗೆ, ನನ್ನ ಕಲ್ಲು ನನಗೆ."

ಅವಳು ಇಡುತ್ತಲೇ ಇದ್ದಳು. ಭಾವ ಅವಳ "ಆಯ್ತು"ಗೆ ಕಾಯುವುದನ್ನು ಬಿಟ್ಟರು.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಬಂದಾಗ ನಾನು ಬಾಗಿಲಲ್ಲೇ ಇದ್ದೆ. ಕಾರು ನಿಂತಿತು, ಎಂಜಿನ್ ತಾನೇ ಆಫ್ ಆಯಿತು. ಅಕ್ಕ ಇಳಿದು, ಕಲ್ಲು ಹಿಡಿದು ಮುಂದಿನ ಚಕ್ರದ ಹತ್ತಿರ ಬಗ್ಗಿದಳು. ಸದ್ದಿಲ್ಲದ್ದಕ್ಕೆ, ಆಫ್ ಮಾಡಿಯಾಯಿತು ಎಂದುಕೊಂಡ ಭಾವ ಹ್ಯಾಂಡ್‌ಬ್ರೇಕ್ ಎಳೆಯದೆಯೇ ಕಾಲೆತ್ತಿದರು. ಎಂಜಿನ್ ತಾನೇ ಶುರುವಾಗಿ ಕಾರು ಮುಂದಕ್ಕೆ ಹೊರಟಿತು.

ಗಾಬರಿಯಲ್ಲಿ ಅವರ ಕೈ ಸ್ಟೀರಿಂಗಿನ ಪಕ್ಕಕ್ಕೆ ಹೋಯಿತು. ಅದು ಹಳೇ ಕಾರಿನ ಗೇರಿನ ಜಾಗ. ಇಲ್ಲಿ ಅಲ್ಲಿದ್ದದ್ದು ವೈಪರಿನ ಕಡ್ಡಿ. ಎಳೆದರು, ಮತ್ತೆ ಎಳೆದರು. ಬ್ರೇಕ್ ನೆನಪಾಗುವಷ್ಟರಲ್ಲಿ ಅಕ್ಕ ಕಾರಿಗೂ ಗೋಡೆಗೂ ನಡುವೆ ಸಿಕ್ಕಿದ್ದಳು.

ಪಕ್ಕದ ಮನೆಯವರು ಬಂದು, ಭಾವನನ್ನು ಗದರಿಸಿ ಕಾರನ್ನು ಹಿಂದಕ್ಕೆ ತೆಗೆಸಿದರು. ಅಕ್ಕನ ಜೀವ ಹೋಗಿತ್ತು. ಅವಳನ್ನು ಒಳಗೆ ಮಲಗಿಸಿ ನಾನು ಹೊರಗೆ ಬಂದೆ. ಭಾವ ಇನ್ನೂ ಸೀಟಿನಲ್ಲೇ ಇದ್ದರು, ಬ್ರೇಕ್ ತುಳಿದುಕೊಂಡು. ಒಣಗಾಜಿನ ಮೇಲೆ ವೈಪರ್ ಕಿರಗುಟ್ಟುತ್ತಿತ್ತು. ಅವರನ್ನು ಹೊಡೆದುಬಿಡುವಷ್ಟು ಸಿಟ್ಟು ಬಂದಿತ್ತು ನನಗೆ.

"ಇಳೀರಿ" ಎಂದೆ.

"ಅವಳು ಆಯ್ತು ಅನ್ಲಿ" ಎಂದರು.